ಅಸ್ಥಿಗೆ ಕುಡಿಕೆ ತರುವಾಗ ಮೊದಲು ಬಾಯಿ ನೋಡಿ

ಅಸ್ಥಿಗೆ ಕುಡಿಕೆ ತರುವ ಕೆಲಸ ಸಾವಿನ ಮನೆಯಲ್ಲಿ ಕೊನೆಗಳಿಗೆಯಲ್ಲೇ ಯಾರಿಗಾದರೂ ನೆನಪಾಗುವುದು. ಚಿತಾಗಾರದ ಹತ್ತಿರದ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ತಂದುಬಿಡುತ್ತಾರೆ. ನೆಂಟರಿಷ್ಟರ, ನೆರೆಹೊರೆಯವರ ಮನೆಗಳಲ್ಲಿ ಈ ಕೆಲಸ ವಹಿಸಿಕೊಂಡಾಗ ನಾನು ಅಂಗಡಿಗೆ ಹೋಗುವ ಮೊದಲೇ ಮನೆಯವರನ್ನು ಕೇಳಿಕೊಳ್ಳುತ್ತೇನೆ: ಅಸ್ಥಿ ಬಿಡುವುದು ಎಲ್ಲಿ, ಅಲ್ಲಿಯವರೆಗೆ ಎಷ್ಟು ದಿನ ಇಡಬೇಕು, ಹೋಗುವುದು ಕಾರಿನಲ್ಲೋ ವಿಮಾನದಲ್ಲೋ. ಇಷ್ಟು ಗೊತ್ತಾದರೆ ಮಣ್ಣಿನದೋ ತಾಮ್ರದ್ದೋ ಎಂಬ ಚರ್ಚೆ ತಾನಾಗಿ ಮುಗಿಯುತ್ತದೆ.

ಪಾತ್ರೆ ಯಾವುದೇ ಆಗಲಿ, ನಾನು ಮೊದಲು ನೋಡುವುದು ಅದರ ಬಾಯಿ. ನಮ್ಮ ಚಿತಾಗಾರಗಳಲ್ಲಿ ಅಸ್ಥಿಯನ್ನು ಪುಡಿ ಮಾಡಿ ಕೊಡುವುದಿಲ್ಲ. ವಿದ್ಯುತ್ ಚಿತಾಗಾರವಾದರೂ ತಟ್ಟೆಗೆ ಬರುವುದು ಬೂದಿಯ ಜೊತೆ ಮೂಳೆಯ ತುಂಡುಗಳೇ. ತೊಡೆ ಮೂಳೆಯ ತುಂಡು ಮೂರು ನಾಲ್ಕು ಇಂಚು ಉದ್ದ ಉಳಿಯುವುದು ಸಾಮಾನ್ಯ, ತಲೆಬುರುಡೆಯ ಚೂರುಗಳು ಅಗಲವಾಗಿರುತ್ತವೆ. ಪೂಜೆಯ ತಾಮ್ರದ ಕಲಶದ ಕಂಠ ಇವಕ್ಕೆ ಸಾಲುವುದಿಲ್ಲ. ಆಗ ತಂದೆಯದೋ ತಾಯಿಯದೋ ಮೂಳೆಯನ್ನು ಮಕ್ಕಳ ಕಣ್ಣೆದುರಿಗೇ ಮುರಿದು ತುಂಬಬೇಕಾಗುತ್ತದೆ. ಆ ಸಂಕಟ ಯಾರಿಗೂ ಬೇಡ. ಅಂಗಡಿಯಲ್ಲಿ ನಿಮ್ಮ ಮುಷ್ಟಿಯನ್ನೇ ಕುಡಿಕೆಯೊಳಗೆ ಇಳಿಸಿ ನೋಡಿ. ಮುಷ್ಟಿ ಸಲೀಸಾಗಿ ಹೋಗಿ ಬಂದರೆ ಬಾಯಿ ನಾಲ್ಕು ಇಂಚಿನ ಆಸುಪಾಸು ಇದೆ ಎಂದರ್ಥ, ಅಷ್ಟು ಸಾಕು.

ಅಳತೆಗೆ ಒಂದು ಲೀಟರ್ ನೀರಿನ ಬಾಟಲಿಯೇ ಮಾಪಕ. ಸಂಪ್ರದಾಯದಂತೆ ಪಾದ, ಕಾಲು, ಎದೆ, ತೋಳು, ತಲೆ ಹೀಗೆ ಒಂದೊಂದು ಅಂಗದಿಂದ ಸ್ವಲ್ಪ ಸ್ವಲ್ಪ ಆಯ್ದುಕೊಳ್ಳುವುದಾದರೆ ಒಂದೂವರೆ ಲೀಟರಿನ ಕುಡಿಕೆ ಧಾರಾಳ. ಬೂದಿಯೂ ಸೇರಿ ಎಲ್ಲವನ್ನೂ ಒಯ್ಯುವುದಾದರೆ ದೊಡ್ಡವರಿಗೆ ನಾಲ್ಕೈದು ಲೀಟರ್ ಹಿಡಿಯುವ ಮಡಕೆ ಬೇಕು, ಏಕೆಂದರೆ ಪುಡಿಯಾಗದ ಮೂಳೆ ಜಾಗ ತಿನ್ನುತ್ತದೆ. ಒಂದು ಭಾಗ ಶ್ರೀರಂಗಪಟ್ಟಣಕ್ಕೆ, ಒಂದು ಭಾಗ ಕಾಶಿಗೆ ಎಂದಿದ್ದರೆ ಸಂಚಯನದ, ಅಂದರೆ ಅಸ್ಥಿ ಆಯುವ, ಹೊತ್ತಿಗೇ ಎರಡು ಕುಡಿಕೆ ಇರಲಿ. ಒಮ್ಮೆ ಕಟ್ಟಿದ್ದನ್ನು ಆಮೇಲೆ ಬಿಚ್ಚಿ ಹಂಚಲು ಮನೆಯ ಹಿರಿಯರು ಒಪ್ಪುವುದು ಕಷ್ಟ.

ಎರಡು ಮೂರು ದಿನದೊಳಗೆ ಕಾರಿನಲ್ಲಿ ಹೋಗಿ ನದಿಗೆ ಬಿಡುವುದಾದರೆ ಮಣ್ಣಿನ ಕುಡಿಕೆಗಿಂತ ಒಳ್ಳೆಯದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಠಣ್ಣೆಂದರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ದಬ್ ಎಂಬ ಮಂದ ಸದ್ದು ಬಂದರೆ ಬೇರೆ ತೆಗೆದುಕೊಳ್ಳಿ. ಬಣ್ಣ ಬಳಿದದ್ದು ಬೇಡ, ಬಿರುಕಿದ್ದರೂ ಬಣ್ಣದಡಿ ಕಾಣುವುದಿಲ್ಲ. ಹತ್ತು ದಿನದ ಮೇಲೆ ಇಡಬೇಕು, ದೂರ ಒಯ್ಯಬೇಕು ಎಂದಾದರೆ ತಾಮ್ರ ಅಥವಾ ಸ್ಟೀಲಿನ ಡಬ್ಬಿ. ತಾಮ್ರಕ್ಕೆ ಒಳಗೆ ಹತ್ತಿ ಬಟ್ಟೆ ಹಾಸಲೇಬೇಕು. ಬೂದಿಯಲ್ಲಿ ಕ್ಷಾರ ಹೆಚ್ಚು, ಜೊತೆಗೆ ಶಾಸ್ತ್ರಕ್ಕೆ ಹಾಕಿದ ಹಾಲಿನ ಪಸೆಯೂ ಇದ್ದರೆ ತಾಮ್ರ ಕೆಲವೇ ದಿನದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ.

ಅಸ್ಥಿ ಆಯುವಾಗ ಆಗುವ ಅನಾಹುತಗಳು ಹೆಚ್ಚಾಗಿ ಶಾಖದಿಂದ. ವಿದ್ಯುತ್ ಚಿತಾಗಾರದಲ್ಲಿ ಅಂದೇ ಅಸ್ಥಿ ಕೊಡುತ್ತಾರೆ. ಮೇಲಿನ ಬೂದಿ ಆರಿದಂತೆ ಕಂಡರೂ ಅಡಿಯ ದಪ್ಪ ಮೂಳೆ ಸುಡುತ್ತಿರುತ್ತದೆ. ಅದನ್ನು ತಣ್ಣನೆಯ ಮಣ್ಣಿನ ಕುಡಿಕೆಗೆ ಹಾಕಿದರೆ ಕುಡಿಕೆ ಸೀಳುತ್ತದೆ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಚೀಲ ಕರಗಿ ಅಸ್ಥಿಗೇ ಅಂಟುತ್ತದೆ. ನೀರು ಚಿಮುಕಿಸಿ, ಹಬೆ ಪೂರ್ತಿ ನಿಂತ ಮೇಲೆ ಅಂಗೈಯನ್ನು ತಟ್ಟೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದು, ಬಿಸಿ ತಾಗದಿದ್ದರೆ ಮಾತ್ರ ಆಯುತ್ತೇನೆ. ಮಂಡಿ, ಸೊಂಟದ ಶಸ್ತ್ರಚಿಕಿತ್ಸೆ ಆಗಿದ್ದವರಾದರೆ ಲೋಹದ ಕೀಲು, ಸ್ಕ್ರೂ ಹಾಗೇ ಉಳಿದಿರುತ್ತವೆ. ಅವು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವಂಥವಲ್ಲ, ಕಣ್ಣಿಟ್ಟು ಹುಡುಕಿ ತೆಗೆಯಬೇಕು. ಬಿಟ್ಟರೆ ಬಟ್ಟೆ ಹರಿಯುತ್ತದೆ.

ಹಾಲು, ತುಪ್ಪ, ಜೇನು ಹಾಕಿ ಶಾಸ್ತ್ರ ಮುಗಿದ ಮೇಲೆ ಕೊನೆಗೊಮ್ಮೆ ಬರೀ ನೀರಿನಿಂದ ತೊಳೆಯಲು ಪುರೋಹಿತರ ಒಪ್ಪಿಗೆ ಕೇಳಿಕೊಳ್ಳಿ. ಹಾಲು ಉಳಿದರೆ ಮರುದಿನವೇ ವಾಸನೆ, ಸಿಹಿ ಉಳಿದರೆ ಇರುವೆ. ಕುಡಿಕೆಯನ್ನು ಮನೆಯೊಳಗೆ ತರದೆ ಮರದ ಕೊಂಬೆಗೆ ಕಟ್ಟುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ತೊಳೆದದ್ದನ್ನು ಬಟ್ಟೆಯ ಮೇಲೆ ಹರಡಿ ನೀರು ಬಸಿದ ಮೇಲೆ ತುಂಬಿ. ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೂಸ್ಟು ಬರುತ್ತದೆ.

ಕಟ್ಟಲು ಒಂದು ಮೀಟರ್ ಚೌಕದ ಬಿಳಿ ಹತ್ತಿ ಬಟ್ಟೆ ಸಾಕು. ಹೊಸದಾದರೆ ಒಮ್ಮೆ ಒಗೆದು ಗಂಜಿ ಬಿಡಿಸಿ, ಇಲ್ಲದಿದ್ದರೆ ಗಂಟು ಜಾರುತ್ತದೆ. ಬಾಯಿಗೆ ಬಟ್ಟೆಯ ತುಂಡು ಹೊದಿಸಿ ಕಂಠಕ್ಕೆ ಹತ್ತಿ ದಾರ ಮೂರು ಸುತ್ತು ಬಿಗಿದು, ಆಮೇಲೆ ಇಡೀ ಕುಡಿಕೆಯನ್ನು ದೊಡ್ಡ ಬಟ್ಟೆಯಲ್ಲಿಟ್ಟು ಎದುರುಬದುರಿನ ಮೂಲೆಗಳನ್ನು ಗಂಟು ಹಾಕಿದರೆ ಅದೇ ಹಿಡಿಕೆಯಾಗುತ್ತದೆ. ನೈಲಾನ್ ದಾರ ಬೇಡ. ಚಿತಾಗಾರದ ಕಪಾಟಿನಲ್ಲಿ ಇಡುವುದಾದರೆ ಹೆಸರು, ತಾರೀಕು, ರಸೀದಿ ಸಂಖ್ಯೆಯನ್ನು ಅಳಿಸದ ಮಾರ್ಕರಿನಲ್ಲಿ ಬಟ್ಟೆಯ ಮೇಲೂ ಕುಡಿಕೆಯ ಮೈಮೇಲೂ ಬರೆಯಿರಿ. ಅಲ್ಲಿ ಸಾಲಾಗಿ ಇರುವುದೆಲ್ಲ ಒಂದೇ ತರಹದ ಕುಡಿಕೆ, ಒಂದೇ ಬಣ್ಣದ ಬಟ್ಟೆ. ಚೀಟಿ ಅಂಟಿಸಿದರೆ ಪಸೆಗೆ ಕಳಚಿ ಬೀಳುತ್ತದೆ.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡುವವರು ನೀರಿನ ಮಟ್ಟ ವಿಚಾರಿಸಿಕೊಂಡು ಹೊರಡಿ. ಮೇಲೆ ಕೆಆರ್‌ಎಸ್ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಸ್ನಾನಘಟ್ಟಕ್ಕೆ ಇಳಿಯಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಬಂಡೆಗಳ ನಡುವೆ ನೀರು ನಿಂತಿರುತ್ತದೆ, ಹರಿವು ಇರುವ ಜಾಗ ನೋಡಿ ಇಳಿಯಬೇಕು. ಗಾಳಿ ಬೆನ್ನಿಗಿರಲಿ. ಕೂತು, ಕುಡಿಕೆಯ ಬಾಯನ್ನು ನೀರಿಗೆ ತಾಗಿಸಿ ನಿಧಾನವಾಗಿ ಓರೆ ಮಾಡಿ. ಎತ್ತರದಿಂದ ಸುರಿದರೆ ಬೂದಿ ಮೈಮೇಲೇ ಬರುತ್ತದೆ. ಸುಟ್ಟ ಮಣ್ಣು ನೀರಿನಲ್ಲಿ ಕರಗುವುದಿಲ್ಲ, ಒಡೆದ ಚೂರು ಮುಂದಿನವರ ಪಾದ ಸೀಳುತ್ತದೆ. ಕುಡಿಕೆಯನ್ನು ಹಿಂದಕ್ಕೆ ಎಸೆಯುವ ಪದ್ಧತಿ ಇದ್ದವರೂ ಅಸ್ಥಿಯನ್ನಷ್ಟೇ ನೀರಿಗೆ ಬಿಟ್ಟು, ಕುಡಿಕೆಯನ್ನು ದಡದಾಚೆ ಜನ ಓಡಾಡದ ಕಡೆ ಒಡೆಯಬಹುದೇ ಎಂದು ಪುರೋಹಿತರನ್ನು ಕೇಳಿ ನೋಡಿ. ಬಟ್ಟೆಯನ್ನೂ ನೀರಿಗೆ ಹಾಕಬೇಡಿ.

ಅಮೆರಿಕದಿಂದ ತರುವವರ ಲೆಕ್ಕವೇ ಬೇರೆ. ಅಲ್ಲಿ ಅಸ್ಥಿಯನ್ನು ಯಂತ್ರದಲ್ಲಿ ಪುಡಿ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಾರೆ. ಅಲ್ಲಿನವರು ದೊಡ್ಡವರಿಗೆ ಹಿಡಿಯುವ ಲೆಕ್ಕ 200 ಘನ ಇಂಚು, ಅಂದರೆ ಸುಮಾರು 3.3 ಲೀಟರ್. ಆ ಪಾತ್ರೆ ಎಕ್ಸ್‌ರೇ ಯಂತ್ರದಲ್ಲಿ ಒಳಗಿನದು ಕಾಣುವಂತೆ ಇರಬೇಕು. ಕಾಣದಿದ್ದರೆ ಭದ್ರತಾ ತಪಾಸಣೆಯಲ್ಲಿ ಮುಂದೆ ಬಿಡುವುದಿಲ್ಲ, ನೀವೇ ಕೇಳಿಕೊಂಡರೂ ಗೌರವದ ದೃಷ್ಟಿಯಿಂದ ಅವರು ಅದನ್ನು ತೆರೆಯುವುದಿಲ್ಲ. ಹಾಗಾಗಿ ತೆಳು ಮರದ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲೇ, ಕೈಚೀಲದಲ್ಲಿ ತನ್ನಿ. ತಾಮ್ರದ ಕಲಶವೇ ಬೇಕೆಂದಿದ್ದರೆ ಊರಿಗೆ ಬಂದ ಮೇಲೆ ವರ್ಗಾಯಿಸಿ. ಮರಣ ಪ್ರಮಾಣಪತ್ರ, ದಹನದ ಪ್ರಮಾಣಪತ್ರ, ತೀರಿಕೊಂಡವರ ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಭಾರತೀಯ ದೂತಾವಾಸದ ಕಾಗದಪತ್ರದ ವಿಷಯವನ್ನು ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ. ಚೀಲದ ಜೊತೆ ಗುರುತಿನ ಸಂಖ್ಯೆ ಇರುವ ಪುಟ್ಟ ಲೋಹದ ಬಿಲ್ಲೆಯೊಂದು ಇರುತ್ತದೆ. ಪ್ರಯಾಣ ಮುಗಿಯುವವರೆಗೆ ಅದನ್ನು ತೆಗೆಯಬೇಡಿ, ನದಿಗೆ ಬಿಡುವ ಮೊದಲು ಮರೆಯದೆ ತೆಗೆದಿಡಿ.