23 ಜನ ಒಟ್ಟಿಗೆ ಟ್ರಿಪ್ ಹೊರಡೋದು ಹೇಗೆ: ಹಾಸನದಿಂದ ಚಿಕ್ಕಮಗಳೂರು ಗಿರಿ ತನಕ

ನಮ್ಮನೆ ಹಾಸನದಲ್ಲಿ. ಅತ್ತೆ ಮಾವ, ಇಬ್ಬರು ಭಾವಂದಿರ ಸಂಸಾರ, ನಾದಿನಿ ಮನೆಯವರು, ಊರಲ್ಲಿರೋ ಚಿಕ್ಕಮಾವನ ಮನೆ, ಬೆಂಗಳೂರಿಂದ ಬರೋ ಹುಡುಗರು ಎಲ್ಲಾ ಸೇರಿದ್ರೆ 23 ತಲೆ, ಅದರಲ್ಲಿ 78 ವರ್ಷದ ನಮ್ಮತ್ತೆನೂ ಇದಾರೆ ಒಂದೂವರೆ ವರ್ಷದ ಕೂಸೂ ಇದೆ. ವರ್ಷಕ್ಕೊಂದ್ಸಲ ದಸರಾ ರಜೆಗೋ ಡಿಸೆಂಬರ್‌ಗೋ ಎಲ್ಲರೂ ಒಟ್ಟಿಗೆ ಹೊರಡ್ತೀವಿ, ಪ್ಲಾನ್ ಮಾಡೋ ಜವಾಬ್ದಾರಿ ಆರೇಳು ವರ್ಷದಿಂದ ನಂದೇ. ಪರಿಚಯದವರು ಕೇಳ್ತಾನೇ ಇರ್ತಾರೆ ಅಷ್ಟು ಜನನ ಹೇಗೆ ಕರ್ಕೊಂಡು ಹೋಗ್ತೀಯ ಅಂತ, ಅದಕ್ಕೆ ಗೊತ್ತಿರೋದನ್ನೆಲ್ಲ ಒಂದೇ ಕಡೆ ಬರೀತಿದೀನಿ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಟ್ರಿಪ್‌ನ ಅಳತೆ ಮನೇಲಿ ಎಲ್ಲರಿಗಿಂತ ನಿಧಾನ ನಡೆಯೋರ ಕಾಲಿಂದ ತಗೋಬೇಕು. ಹುಡುಗರು ಮೊಬೈಲ್ ನೋಡ್ಕೊಂಡು ಒಂದೇ ದಿನಕ್ಕೆ ಆರು ಜಾಗ ಹಾಕಿರ್ತಾರೆ, ಮ್ಯಾಪಲ್ಲಿ ಎಲ್ಲಾ ಹತ್ರ ಹತ್ರನೇ ಕಾಣುತ್ತೆ, ಆದ್ರೆ ಮಂಡಿ ನೋವಿರೋರು ಗಾಡಿಯಿಂದ ಇಳಿದು, ಚಪ್ಪಲಿ ಬಿಟ್ಟು, ನೋಡ್ಕೊಂಡು ವಾಪಸ್ ಬಂದು ಹತ್ತಿ ಕೂರೋಕೆ ಎಷ್ಟೊತ್ತು ಬೇಕು ಅಂತ ಮ್ಯಾಪ್ ಹೇಳಲ್ಲ.

ನನಗಿದು ಮೊದಲನೇ ವರ್ಷನೇ ಗೊತ್ತಾಯ್ತು. ಶ್ರವಣಬೆಳಗೊಳಕ್ಕೆ ಹೋಗಿದ್ವಿ, ಮನೆ ಬಿಡೋವಾಗ್ಲೇ ಲೇಟಾಗಿ ವಿಂಧ್ಯಗಿರಿ ಬುಡ ಮುಟ್ಟಿದಾಗ ಹನ್ನೊಂದೂವರೆ. ಬಂಡೆಯಲ್ಲೇ ಕಡಿದಿರೋ 600ಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು, ಬಿಸಿಲಿಗೆ ಕಲ್ಲು ಕಾದ ಹೆಂಚಾಗಿತ್ತು. ಹುಡುಗರು ಓಡಿ ಹತ್ತಿಬಿಟ್ರು, ನಮ್ಮತ್ತೆ ಒಂದೂ ಮಾತಾಡದೆ ಕಂಬಿ ಹಿಡ್ಕೊಂಡು ಹಿಂದೆ ಹಿಂದೆ ಬಂದ್ರು, ಮೇಲೆ 58 ಅಡಿ ಗೊಮ್ಮಟನ್ನ ನೋಡಿ ಕೈ ಮುಗಿದ್ರು, ಇಳಿದ್ರು. ರಾತ್ರಿ ಮನೆಗೆ ಬಂದು ಕಾಲು ಚಾಚಿದಾಗ ನೋಡಿದ್ರೆ ಎರಡೂ ಅಂಗಾಲಲ್ಲಿ ಬೊಬ್ಬೆ. ಯಾಕತ್ತೆ ಹೇಳ್ಲಿಲ್ಲ ಅಂದ್ರೆ, "ಎಲ್ಲಾ ಖುಷಿಯಾಗಿದ್ರಲ್ಲಮ್ಮ, ನಾನೊಬ್ಬಳು ಕೂತ್ಕೊಂಡ್ರೆ ಎಲ್ಲರದ್ದೂ ನಿಲ್ಲೋದು" ಅಂದ್ರು. ಆವತ್ತು ನನಗೆ ನಿದ್ದೆ ಬರಲಿಲ್ಲ.

ದೊಡ್ಡೋರು ಬಾಯ್ಬಿಟ್ಟು ಹೇಳಲ್ಲ, ಇದನ್ನ ಮನಸಲ್ಲಿ ಇಟ್ಕೊಳ್ಳಿ. ಬಾತ್‌ರೂಮಿಗೆ ಹೋಗ್ಬೇಕು ಅಂತ ಹೇಳಲ್ಲ, ಹಸಿವು ಅನ್ನಲ್ಲ, ಸುಸ್ತು ಅನ್ನಲ್ಲ. ಅದಕ್ಕೆ ನಾವೀಗ ಯಾರನ್ನೂ ಕೇಳೋದೇ ಇಲ್ಲ, ಒಂದೂವರೆ ಗಂಟೆಗೊಂದ್ಸಲ ಗಾಡಿ ನಿಲ್ಸೋದೇ, ಪೆಟ್ರೋಲ್ ಬಂಕಲ್ಲೋ ಹೋಟ್ಲಲ್ಲೋ, ಎಲ್ಲರೂ ಇಳೀಲೇಬೇಕು. ಶ್ರವಣಬೆಳಗೊಳಕ್ಕೆ ಹೋಗೋದಾದ್ರೆ ಬೆಳಗ್ಗೆ 7 ಗಂಟೆಗೆಲ್ಲ ಮೆಟ್ಟಿಲ ಬುಡದಲ್ಲಿರಿ, ದಪ್ಪ ಕಾಟನ್ ಸಾಕ್ಸ್ ತಗೊಂಡು ಹೋಗಿ, ಹತ್ತೋಕಾಗದವರಿಗೆ ಕೆಳಗೆ ಡೋಲಿ ಸಿಗುತ್ತೆ, ಹೊತ್ಕೊಂಡು ಹೋಗ್ತಾರೆ. ಡೋಲೀಲಿ ಕೂರೋಕೆ ನಾಚ್ಕೋತಾರೆ, ಅದಕ್ಕೆ ಹಿಂದಿನ ದಿನನೇ ಮಾತಾಡಿ ಒಪ್ಪಿಸಿಟ್ಕೊಳ್ಳಿ, ಅಲ್ಲಿ ಹೋಗಿ ಎಲ್ಲರ ಮುಂದೆ ಕೇಳಿದ್ರೆ ಬೇಡ ಅಂತಾನೇ ಅಂತಾರೆ.

ಯಾವಾಗ ಹೋಗೋದು ಅನ್ನೋದಕ್ಕೆ ಬಂದ್ರೆ, ಜೂನಿಂದ ಸೆಪ್ಟೆಂಬರ್ ತನಕ ಮಲೆನಾಡು ನೋಡೋಕೆ ಚಂದ ನಿಜ, ಆದ್ರೆ ಕೂಸು ಮುದುಕರು ಇರೋ ಗುಂಪಿಗೆ ಆಗಲ್ಲ, ಮಳೆ ಬಿಡಲ್ಲ, ತೋಟಕ್ಕೆ ಕಾಲಿಟ್ರೆ ಇಂಬಳ (ಜಿಗಣೆ), ಕರೆಂಟ್ ಹೋದ್ರೆ ಬರಲ್ಲ. ದೀಪಾವಳಿ ಹೊತ್ತಲ್ಲಿ ಹಾಸನಾಂಬೆ ಗುಡಿ ಬಾಗಿಲು ತೆಗೆದಿರ್ತಾರೆ, ವರ್ಷಕ್ಕೊಂದೇ ಸಲ ತೆಗೆಯೋದು, ಆ ದಿನಗಳಲ್ಲಿ ನಮ್ಮೂರಲ್ಲಿ ರೂಮು ಸಿಗೋದೇ ಕಷ್ಟ, ಹಾಗಾಗಿ ಹೊರಗಿಂದ ಬರೋರು ದರ್ಶನಕ್ಕೆ ಬೇರೆ ಬನ್ನಿ, ಟ್ರಿಪ್ಪಿಗೆ ಬೇರೆ ಬನ್ನಿ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ಮೇಲೆ ಗಾಡಿ ಸಾಲು ನಿಂತಿರುತ್ತೆ, ರಜೆ ಇದ್ರೆ ಸೋಮವಾರ ಮಂಗಳವಾರ ಇಟ್ಕೊಳ್ಳಿ.

ಗಾಡಿ ವಿಷಯ. 23 ಜನಕ್ಕೆ 26 ಸೀಟಿನ ಮಿನಿ ಬಸ್ ಒಂದು ಮಾಡಿದ್ರೆ ಬಾಡಿಗೆ ಕಮ್ಮಿ ಬೀಳಬಹುದು, ಎಲ್ಲಾ ಒಟ್ಟಿಗೆ ಹಾಡ್ಕೊಂಡು ಹೋಗ್ಬಹುದು, ಆದ್ರೂ ನಾನು ಎರಡು ಟೆಂಪೋ ಟ್ರಾವೆಲರ್ ಮಾಡಿ ಅಂತೀನಿ. ಕೂಸು ಅಳೋಕೆ ಶುರು ಮಾಡಿದ್ರೆ, ಯಾರಿಗಾದ್ರೂ ಮೈ ಹುಷಾರಿಲ್ಲದೆ ಹೋದ್ರೆ ಒಂದು ಗಾಡಿ ರೂಮಿಗೆ ವಾಪಸ್ ಹೋಗ್ಬಹುದು, ಇನ್ನೊಂದು ಮುಂದಕ್ಕೆ ಹೋಗುತ್ತೆ, ಯಾರ ದಿನವೂ ಹಾಳಾಗಲ್ಲ. ಹೋಂಸ್ಟೇಗಳಿಗೆ ಕೊನೇ ಒಂದೆರಡು ಕಿಲೋಮೀಟರ್ ತೋಟದ ರಸ್ತೆ ಇರುತ್ತೆ, ದೊಡ್ಡ ಬಸ್ ತಿರುಗಲ್ಲ, ಅದನ್ನೂ ಫೋನಲ್ಲೇ ಕೇಳ್ಕೊಳ್ಳಿ. ಗಾಡಿ ಹಳದಿ ಬೋರ್ಡಿಂದೇ ಇರಲಿ, ಬಿಳಿ ಬೋರ್ಡ್ ಗಾಡಿನ ಬಾಡಿಗೆಗೆ ಓಡಿಸೋ ಹಾಗಿಲ್ಲ, ಏನಾದ್ರೂ ಆದ್ರೆ ಇನ್ಶೂರೆನ್ಸ್ ಕೈಗೆ ಬರದೇ ಹೋಗ್ಬಹುದು. ದಿನಕ್ಕೆ ಮಿನಿಮಮ್ ಎಷ್ಟು ಕಿಲೋಮೀಟರ್, ಡ್ರೈವರ್ ಬಾಟಾ ಎಷ್ಟು, ಟೋಲ್ ಪಾರ್ಕಿಂಗ್ ಯಾರದ್ದು, ಇಷ್ಟೂ ಮೆಸೇಜಲ್ಲಿ ಬರೆಸ್ಕೊಳ್ಳಿ. ಡ್ರೈವರಿಗೆ ಊಟ ನಮ್ಮ ಜೊತೆನೇ, ಮಲಗೋಕೆ ಸರಿಯಾದ ಜಾಗ ಬೇಕೇ ಬೇಕು. ಎಷ್ಟೋ ಕಡೆ ಸೀಟಲ್ಲೇ ಮಲಗ್ಲಿ ಅಂತ ಬಿಡ್ತಾರೆ, ಬೆಳಗ್ಗೆ ನಮ್ಮ 23 ಜನರ ಜೀವ ಅವರ ಕೈಯಲ್ಲಿರುತ್ತೆ, ಅದು ಹೇಗೆ ಮನಸು ಬರುತ್ತೋ.

ಘಾಟಿಲಿ ವಾಂತಿ ಮಾಡೋರನ್ನ ಮುಂದಿನ ಸೀಟಲ್ಲಿ ಕೂರ್ಸಿ, ಹಿಂದಿನ ಸೀಟು ಬೇಡ್ವೇ ಬೇಡ. ಹೊಟ್ಟೆ ತುಂಬಾ ತಿಂದೂ ಹತ್ತಿಸ್ಬೇಡಿ, ಖಾಲಿ ಹೊಟ್ಟೇಲೂ ಬೇಡ, ಒಂದೆರಡು ಇಡ್ಲಿ ಸಾಕು. ನಿಂಬೆಹಣ್ಣು, ಕವರ್, ಒಂದು ಬಾಟ್ಲಿ ನೀರು ಕೈಗೆ ಸಿಗೋ ಹಾಗಿರಲಿ.

ಹೋಂಸ್ಟೇ ಬುಕ್ ಮಾಡೋವಾಗ ಫೋಟೋ ನೋಡಿ ಮರುಳಾಗ್ಬೇಡಿ, ಫೋನ್ ಮಾಡಿ ಕೇಳಿ. ನೆಲಮಹಡೀಲಿ ಎಷ್ಟು ರೂಮಿದೆ? ಆ ರೂಮಲ್ಲಿ ಕಮೋಡ್ ಇದ್ಯಾ? ಬಿಸಿನೀರು ಸೋಲಾರಾ ಗ್ಯಾಸಾ ಹಂಡೆನಾ? ಬಾತ್‌ರೂಮ್ ಎಷ್ಟು? ಈ ಕೊನೇದು ಬಹಳ ಮುಖ್ಯ, ಲೆಕ್ಕ ಹಾಕಿ ನೋಡಿ, 23 ಜನಕ್ಕೆ 5 ಬಾತ್‌ರೂಮ್ ಅಂದ್ರೆ ಒಂದಕ್ಕೆ ನಾಲ್ಕೈದು ಜನ, ತಲೆಗೆ 20 ನಿಮಿಷ ಹಿಡಿದ್ರೂ ನೂರು ನಿಮಿಷ ಆಯ್ತು, 8ಕ್ಕೆ ಹೊರಡ್ಬೇಕು ಅಂದ್ರೆ ಮೊದಲನೆಯವರು 6ಕ್ಕೆ ಒಳಗೆ ಹೋಗಿರ್ಬೇಕು. ನಮ್ಮಲ್ಲಿ ಬೇಗ ಏಳೋ ಗಂಡಸರು ಮೊದಲು, ಆಮೇಲೆ ದೊಡ್ಡೋರು, ಮಕ್ಕಳು ತಿಂಡಿ ಆದ್ಮೇಲೆ. ನೆಲಮಹಡಿ ರೂಮು ಯಾವಾಗ್ಲೂ ಅತ್ತೆ ಮಾವಂದು, ಪಕ್ಕದ ರೂಮು ಕೂಸಿನ ತಾಯಿದು.

ಅಡುಗೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ. ಎಷ್ಟೋ ಮನೆಗಳಲ್ಲಿ ಟ್ರಿಪ್ ಅಂದ್ರೆ ಹೆಂಗಸರಿಗೆ ಒಲೆ ಜಾಗ ಬದಲಾಗುತ್ತೆ ಅಷ್ಟೇ. ಕಮ್ಮಿಗೆ ಸಿಗುತ್ತೆ ಅಂತ ಅಡುಗೆಮನೆ ಇರೋ ಮನೆ ಬಾಡಿಗೆಗೆ ತಗೋತಾರೆ, ಆಮೇಲೆ ವಾರಗಿತ್ತಿಯರೆಲ್ಲ ಸೇರ್ಕೊಂಡು ಬೆಳಗ್ಗೆ 5ಕ್ಕೆ ಎದ್ದು 23 ಜನಕ್ಕೆ ಉಪ್ಪಿಟ್ಟು ಕೆದಕ್ತಾ ಇರ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಊಟ ಕೊಡೋ ಹೋಂಸ್ಟೇನೇ ಹಿಡೀರಿ, ತಲೆಗೆ ನೂರಿನ್ನೂರು ಜಾಸ್ತಿ ಆಗ್ಲಿ ಪರವಾಗಿಲ್ಲ. ಮಲೆನಾಡಲ್ಲಿ ಬಿಸಿ ಕಡುಬು, ಅಕ್ಕಿರೊಟ್ಟಿ, ಸಿಗೋ ಕಾಲದಲ್ಲಾದ್ರೆ ಕಳಲೆ ಪಲ್ಯ, ಪತ್ರೊಡೆ ಇದನ್ನೆಲ್ಲ ಒಂದ್ಸಲ ಹೆಂಗಸರೂ ಕೂತ್ಕೊಂಡು ಬಡಿಸ್ಕೊಂಡು ತಿನ್ಲಿ. ನಮ್ಮ ದೊಡ್ಡ ವಾರಗಿತ್ತಿ ಮದುವೆಯಾಗಿ 26 ವರ್ಷ, ಮೂಡಿಗೆರೆ ಕಡೆ ಒಂದು ಹೋಂಸ್ಟೇಲಿ ಎಲ್ಲರ ಜೊತೆ ಮೊದಲನೇ ಪಂಕ್ತೀಲಿ ಕೂತು, ರೊಟ್ಟಿ ಒಲೆಯಿಂದ ನೇರ ತಟ್ಟೆಗೆ ಬಿದ್ದಾಗ, ಅದನ್ನ ಮುರಿಯದೆ ಒಂದ್ನಿಮಿಷ ಹಾಗೇ ನೋಡ್ತಾ ಕೂತಿದ್ರು. ಬಿಸಿ ರೊಟ್ಟಿ ತಿಂದು ಎಷ್ಟು ವರ್ಷ ಆಯ್ತೋ ಅಂದ್ರು.

ಹೊರಡೋ ದಿನದ ಬುತ್ತಿ ಮಾತ್ರ ಮನೆಯಿಂದ, ಅದೂ ಹಂಚ್ಕೊಂಡು. ಒಬ್ಬರ ಮನೆ ಪುಳಿಯೋಗರೆ, ಇನ್ನೊಬ್ಬರದ್ದು ಚಪಾತಿ ಚಟ್ನಿಪುಡಿ, ಮತ್ತೊಬ್ಬರದ್ದು ಮೊಸರನ್ನ. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ ಮೊಸರು ಒಂದೇ ಚಮಚ ಕಲಸಿ, ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತೆ. ಕೋಡುಬಳೆ ನಿಪ್ಪಟ್ಟು ಡಬ್ಬ ಗಾಡಿಗೊಂದು, ಒಂದೇ ಗಾಡೀಲಿ ಇಟ್ರೆ ಜಗಳ ಗ್ಯಾರಂಟಿ.

ಮೂರು ದಿನದ ದಾರಿ ನಮಗೆ ಸರಿಹೋಗಿದ್ದು ಹೀಗೆ. ಮೊದಲನೇ ದಿನ ಹಾಸನದಿಂದ ಬೇಲೂರು, ಸುಮಾರು 40 ಕಿಲೋಮೀಟರ್, ಬೆಳಗ್ಗೆನೇ ಮುಟ್ಟಿ, ಕಲ್ಲು ಕಾದಿರಲ್ಲ, ಮಧ್ಯಾಹ್ನ ದರ್ಶನವೂ ನಿಲ್ಲುತ್ತೆ. ಗೈಡ್ ಮಾಡ್ಕೊಳ್ಳಿ, ಗುಂಪಿಗೆಲ್ಲ ಒಬ್ಬರೇ ಸಾಕು, ಈ ಚೆನ್ನಕೇಶವ ಗುಡಿ ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡ್ಸಿದ್ದು ಅಂತ ನಾವು ಮಕ್ಕಳಿಗೆ ಓದಿ ಹೇಳಿದ್ರೆ ಆಕಳಿಸ್ತಾರೆ, ಅದೇ ಗೈಡು ಅಂಗಳದಲ್ಲಿ ತಳಪಾಯಕ್ಕೆ ಸಿಗಿಸದೆ ತನ್ನ ಭಾರಕ್ಕೇ ನಿಂತಿರೋ ದೀಪದ ಕಂಬದ ಅಡಿ ಪೇಪರ್ ತೂರಿಸಿ ತೋರ್ಸಿದಾಗ ಬಾಯಿ ಬಿಟ್ಕೊಂಡು ನಿಂತ್ರು. ಅಲ್ಲಿಂದ ಹಳೇಬೀಡು 16 ಕಿಲೋಮೀಟರ್, ಹೊಯ್ಸಳೇಶ್ವರ ಗುಡಿ ಗೋಡೆಯ ಕೆಳಗಿನ ಸಾಲಲ್ಲಿ ಕೆತ್ತಿರೋ ಆನೆಗಳನ್ನ ಎಣಿಸೋಕೆ ಮಕ್ಕಳನ್ನ ಬಿಟ್ರೆ ದೊಡ್ಡೋರಿಗೆ ಕೂರೋಕೆ ಅರ್ಧ ಗಂಟೆ ಸಿಗುತ್ತೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ ಇವೆರಡೂ, ಸೋಮನಾಥಪುರದ ಜೊತೆ. ಆಮೇಲೆ ಜನ ಸಾಮಾನ್ಯವಾಗಿ ಬಿಟ್ಟು ಹೋಗೋ ಬೆಳವಾಡಿ ವೀರನಾರಾಯಣ ಗುಡಿಗೆ ಹೋಗಿ, ಹಳೇಬೀಡಿಂದ ಚಿಕ್ಕಮಗಳೂರಿಗೆ ಆ ಕಡೆಯಿಂದ್ಲೇ ಹೋಗ್ಬಹುದು. ಮೂರು ಗರ್ಭಗುಡಿ, ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ. ಕನ್ನಡಿ ಥರ ಹೊಳೆಯೋ ಕಂಬಗಳು, ತಣ್ಣಗಿನ ಮಂಟಪ, ನೂಕುನುಗ್ಗಲು ಇಲ್ಲ. ನಮ್ಮ ಮಾವ ಅಲ್ಲಿ ಕಂಬಕ್ಕೆ ಒರಗಿ ಒಂದು ಗಂಟೆ ಕೂತಿದ್ರು, ಇಡೀ ಟ್ರಿಪ್ಪಲ್ಲಿ ಅದೇ ಬಹಳ ಹಿಡಿಸ್ತು ಅಂದ್ರು.

ಎರಡನೇ ದಿನ ಗಿರಿ. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರ, 1,900 ಮೀಟರಿಗೂ ಮೇಲೆ, ರಸ್ತೆ ಮುಗಿದ್ಮೇಲೂ ಮೆಟ್ಟಿಲಿದೆ, ಗಾಳಿ ಜೋರು. ಎಲ್ಲರೂ ಹೋಗ್ಲೇಬೇಕು ಅಂತ ಏನಿಲ್ಲ, ಆವತ್ತು ಗುಂಪು ಎರಡು ಮಾಡಿ. ಹತ್ತೋರು ನಸುಕಲ್ಲೇ ಹೊರಟು ಹತ್ತೂವರೆಗೆ ವಾಪಸ್, ದೊಡ್ಡೋರು ಹೋಂಸ್ಟೇ ಜಗಲೀಲಿ ಕಾಫಿ ಕುಡೀತಾ ಕೂತ್ಕೊಳ್ಲಿ. ಡಿಸೆಂಬರಲ್ಲಿ ಕಾಫಿ ಹಣ್ಣು ಕುಯ್ಲಿನ ಕಾಲ, ಕಣದಲ್ಲಿ ಹರವಿರೋದನ್ನ ನೋಡೋದೇ ಒಂದು ಖುಷಿ, ನಮ್ಮತ್ತೆ ಹಣ್ಣು ಚೀಪಿ ನೋಡಿ ಸಿಹಿ ಇದೆ ಕಣೇ ಅಂದ್ರು. ಗಿರಿಗೆ ಗಾಡಿ ಬಿಡೋ ನಿಯಮ ಆಗಾಗ ಬದಲಾಗುತ್ತೆ, ಮುಂಚೆನೇ ಬುಕ್ ಮಾಡ್ಬೇಕಾ, ಟೆಂಪೋ ಟ್ರಾವೆಲರ್ ಬಿಡ್ತಾರಾ ಅಂತ ಹೋಂಸ್ಟೇಯವರನ್ನ ಹಿಂದಿನ ವಾರನೇ ಕೇಳಿ.

ಮೂರನೇ ದಿನ ಮನೆ ಕಡೆ. ಶೃಂಗೇರಿ ಹೊರನಾಡು ಎರಡೂ ಸೇರ್ಸಿಬಿಡೋಣ ಅಂತ ಯಾರಾದ್ರೂ ಅಂದೇ ಅಂತಾರೆ. ಬೇಡ. ಎಲ್ಲಾ ತಿರುವಿನ ರಸ್ತೆ, ಶೃಂಗೇರೀಲಿ ಮಧ್ಯಾಹ್ನ ಬಾಗಿಲು ಹಾಕ್ತಾರೆ, ಕೂಸು ವಾಂತಿ ಮಾಡ್ಕೊಂಡು ಸಾಕಾಗಿರುತ್ತೆ. ಅವೆರಡಕ್ಕೆ ಬೇರೆ ಟ್ರಿಪ್ ಇಟ್ಕೊಂಡು ಒಂದೊಂದು ರಾತ್ರಿ ಅಲ್ಲೇ ಉಳೀರಿ. ಇನ್ನೊಂದು, ಗುಡಿಗಳನ್ನ ಮೊದಲ ದಿನ ಮುಗಿಸಿದ್ರೆ ಕಡುಬಿನ ಜೊತೆ ಕೋಳಿಸಾರು ತಿನ್ನೋರಿಗೂ ನೆಮ್ಮದಿ, ತಿಂದು ಗುಡಿಗೆ ಹೋಗೋದಾ ಅಂತ ದೊಡ್ಡೋರ ಮನಸಿಗೂ ಕಸಿವಿಸಿ ಆಗಲ್ಲ. ಸೋಮವಾರ ಶನಿವಾರ ತಿನ್ನದವರು ಯಾರ್ಯಾರು ಅಂತ ಮೊದಲೇ ಬರ್ಕೊಂಡು ಹೋಂಸ್ಟೇಗೆ ಹೇಳಿ.

ತಲೆ ಎಣಿಸೋದು. ಎರಡು ಗಾಡಿ ಇದ್ದಾಗ ಮಗು ಆ ಗಾಡೀಲಿದೆ ಅಂತ ಇವರು, ಈ ಗಾಡೀಲಿದೆ ಅಂತ ಅವರು. ಹಳೇಬೀಡಲ್ಲಿ ನಮ್ಮ ನಾದಿನಿ ಮಗ, 7 ವರ್ಷ, ಹೀಗೇ ಉಳ್ಕೊಂಡ. ಗಾಡಿ ಎರಡು ನಿಮಿಷ ಮುಂದೆ ಹೋಗಿತ್ತು ಅಷ್ಟೇ, ವಾಪಸ್ ಓಡಿ ಹೋದ್ರೆ ಚಪ್ಪಲಿ ಬಿಡೋ ಜಾಗದಲ್ಲಿ ಕೂತಿದ್ದ, ಅಲ್ಲಿದ್ದ ಅಮ್ಮ ಒಬ್ಬರು ಅವನ ಕೈ ಬಿಗಿಯಾಗಿ ಹಿಡ್ಕೊಂಡು ಕೂರ್ಸಿದ್ರು. ನಾದಿನಿ ಆ ಅಮ್ಮನ ಕಾಲಿಗೇ ಬಿದ್ಬಿಟ್ಟಳು. ಅವತ್ತಿಂದ ಎಲ್ಲರಿಗೂ ನಂಬರ್ ಕೊಟ್ಟಿದೀವಿ, ಗಾಡಿ ಹೊರಡೋ ಮುಂಚೆ ಒಂದರಿಂದ ಶುರು ಮಾಡಿ ಕೂಗೋದು, ಕೂಸಿನ ನಂಬರ್ ಅವರಮ್ಮ ಕೂಗ್ತಾಳೆ, ಎರಡೂ ಗಾಡಿ ಲೆಕ್ಕ ಫೋನಲ್ಲಿ ಸೇರಿ 23 ಆಗೋ ತನಕ ಡ್ರೈವರ್ ಗೇರ್ ಹಾಕೋ ಹಾಗಿಲ್ಲ. ಚಿಕ್ಕ ಮಕ್ಕಳ ಜೇಬಲ್ಲಿ ಎರಡು ಫೋನ್ ನಂಬರ್ ಬರೆದ ಚೀಟಿ ಇಡಿ.

ಬಿಪಿ ಶುಗರ್ ಮಾತ್ರೆ ಒಂದು ದಿನ ಜಾಸ್ತಿಗೇ ಇರಲಿ, ಕೈಚೀಲದಲ್ಲೇ ಇರಲಿ. ಡಾಕ್ಟರ್ ಚೀಟಿ ಫೋಟೋ ಇಬ್ಬರ ಮೊಬೈಲಲ್ಲಿರಲಿ. ಇನ್ಸುಲಿನ್ ಇದ್ರೆ ತಣ್ಣಗಿರೋ ಫ್ಲಾಸ್ಕಲ್ಲಿ, ಬಿಸಿಲಿಗೆ ನಿಲ್ಸಿದ ಗಾಡೀಲಿ ಬಿಟ್ಟು ಹೋಗ್ಬೇಡಿ. ತೋಟದೊಳಗೆ ಫೋನ್ ಸಿಗ್ನಲ್ ಸಿಗದ ಕಡೆ ಇರುತ್ತೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ಮುಟ್ಟಿದ ತಕ್ಷಣ ಕೇಳ್ಕೊಳ್ಳಿ. ಆನೆ ಓಡಾಡೋ ಜಾಗಗಳು ಆಲೂರು ಸಕಲೇಶಪುರ ಮೂಡಿಗೆರೆ ಕಡೆ ಜಾಸ್ತಿ, ಕತ್ತಲಾದ್ಮೇಲೆ ವಾಕಿಂಗ್ ಬೇಡ, ಹೋಂಸ್ಟೇಯವರು ಹೋಗ್ಬೇಡಿ ಅಂದ್ರೆ ಹೋಗ್ಬೇಡಿ.

ಕೊನೇದಾಗಿ ದುಡ್ಡು. ಮನೆಗೆ ಇಷ್ಟು ಅಂತ ಬೇಡ, ತಲೆ ಲೆಕ್ಕ ಮಾಡಿ, 10 ವರ್ಷದ ಕೆಳಗಿನವರಿಗೆ ಅರ್ಧ, ಅಜ್ಜಿ ತಾತಂದು ಮಕ್ಕಳೆಲ್ಲ ಸೇರಿ ಹಾಕೋದು. ಅಡ್ವಾನ್ಸ್ ಎಲ್ಲರದ್ದೂ ಬಂದ್ಮೇಲೇ ಬುಕ್ಕಿಂಗ್. ಲೆಕ್ಕ ಇಡೋದು ಒಬ್ಬರೇ, ರಾತ್ರಿ ಮಲಗೋ ಮುಂಚೆ ಅವತ್ತಿನ ಖರ್ಚು ಗ್ರೂಪಿಗೆ ಹಾಕ್ಬೇಕು, ಸಿಗ್ನಲ್ ಇಲ್ಲದ ಕಡೆ ಫೋನ್ ಪೇ ನಡೆಯಲ್ಲ, ಕ್ಯಾಶ್ ಇಟ್ಕೊಂಡಿರಿ. ಎಲ್ಲರ ಕೈಯಲ್ಲೂ ಒಂದೇ ಥರ ದುಡ್ಡಿರಲ್ಲ ಅನ್ನೋದು ಮಾತ್ರ ಮರೀಬೇಡಿ. ಒಂದ್ವರ್ಷ ಚಿಕ್ಕಮಾವನ ಮನೇಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದು ಪೂರ್ತಿ ಬೆಳೆ ಹೋಯ್ತು, ನಾವು ಈ ಸಲ ಬರಲ್ಲ ಅಂದ್ರು. ನಮ್ಮ ದೊಡ್ಡ ಭಾವ ಒಬ್ಬರೇ ಊರಿಗೆ ಹೋಗಿ, ಚಿಕ್ಕಪ್ಪ ಈ ಸಲ ಬುತ್ತಿ ಪೂರ್ತಿ ನಿಮ್ಮನೇದು, ಮಿಕ್ಕಿದ್ದು ನಮ್ಮದು ಅಂದು ಬಂದ್ರು. ಗ್ರೂಪಲ್ಲಿ ಒಂದು ಅಕ್ಷರ ಹಾಕ್ಲಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ಚಿಕ್ಕತ್ತೆ ಆವತ್ತು ತಂದ ಪುಳಿಯೋಗರೆ ಎರಡು ಡ್ರೈವರಿಗೂ ಸೇರಿ 25 ಜನಕ್ಕೆ ಆಗಿ ಮಿಕ್ಕಿತ್ತು.

ವಾಪಸ್ ಬರೋ ದಿನ ಕತ್ತಲಾಗೋ ಮುಂಚೆ ಮನೆ ಸೇರ್ಕೊಳ್ಳಿ, ರಾತ್ರಿ ಊಟಕ್ಕೆ ದಾರೀಲೇ ಇಡ್ಲಿನೋ ಪಲಾವೋ ಪಾರ್ಸಲ್ ಕಟ್ಟಿಸಿ, ಆವತ್ತು ಯಾರೂ ಒಲೆ ಹಚ್ಚೋದು ಬೇಡ. ಉಳಿದ ದುಡ್ಡು ಆ ವಾರದೊಳಗೇ ಹಂಚ್ಬಿಡಿ.