ಹಳೇ ಗಿರಣಿ, ಗೋದಾಮುಗಳಲ್ಲಿ ಕಲ್ನಾರು ಗುರುತಿಸುವ ಬಗೆ

ಬೆಳಗಾವಿಯ ಉದ್ಯಮಬಾಗದ ಶೆಡ್ಡಾಗಲಿ, ವಿಜಯಪುರದ ದಲಾಲಿ ಅಂಗಡಿಯಾಗಲಿ, ಕಲ್ನಾರು (ಆಸ್ಬೆಸ್ಟಾಸ್, ಧೂಳಾಗಿ ಉಸಿರಿಗೆ ಸೇರಿದರೆ ಅಪಾಯ ತರುವ ಖನಿಜ ನಾರು) ಎಂದ ಕೂಡಲೇ ಮಾಲೀಕರು ಕೈ ತೋರಿಸುವುದು ಚಾವಣಿಯ ಸಿಮೆಂಟ್ ಪತ್ರಾಸಿಗೆ, ಅಂದರೆ ಅಲೆಯಲೆಯ ಶೀಟಿಗೆ. ನಾನು ತಪಾಸಣೆ ಶುರು ಮಾಡುವುದು ಅಲ್ಲಿಂದಲ್ಲ. ಪತ್ರಾಸಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಒಡೆಯದಿದ್ದರೆ, ಕೊರೆಯದಿದ್ದರೆ ಸುಲಭಕ್ಕೆ ಹೊರಬೀಳದು. ಹಿಚುಕಿದರೆ ಪುಡಿಯಾಗುವ ಮಾಲು ಅದಕ್ಕಿಂತ ಬಹಳ ಅಪಾಯದ್ದು. ಅದು ಸಿಗುವುದು ಬಾಯ್ಲರ್ ಕೋಣೆಯಲ್ಲಿ, ಕರೆಂಟಿನ ಬೋರ್ಡಿನ ಹಿಂದೆ.

ಹಳೇ ಸಕ್ಕರೆ ಕಾರ್ಖಾನೆ, ಎಣ್ಣೆ ಗಿರಣಿಗಳಲ್ಲಿ ಉಗಿ ಪೈಪಿನ ಹೊದಿಕೆ ಮೊದಲು ನೋಡಬೇಕಾದ್ದು. ನೇರ ಪೈಪಿಗೆ ಗ್ಲಾಸ್‌ವುಲ್ (ಗಾಜಿನ ಎಳೆಯ ಹೊದಿಕೆ, ಕಲ್ನಾರಲ್ಲ) ಸುತ್ತಿ ಅಲ್ಯೂಮಿನಿಯಂ ತಗಡು ಹೊದಿಸಿದ್ದು ಕಂಡು ಸಮಾಧಾನಪಟ್ಟು ಮುಂದೆ ಹೋಗಬಾರದು. ರಿಪೇರಿಯವರು ನೇರ ಭಾಗ ಬದಲಿಸಿ, ಕೈಯಿಂದ ಹೊದಿಕೆ ಮೆತ್ತಿದ ಪೈಪಿನ ತಿರುವು, ವಾಲ್ವುಗಳನ್ನು ಹಾಗೇ ಬಿಟ್ಟಿರುತ್ತಾರೆ. ಕೆಲವೆಡೆ ಹಳೆಯದರ ಮೇಲೇ ಹೊಸದನ್ನು ಸುತ್ತಿರುತ್ತಾರೆ. ಬಾಯ್ಲರ್ ಬಾಗಿಲಿನ ಹಗ್ಗ, ಫ್ಲೇಂಜಿನ (ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಅಂಚು) ಸಿ.ಎ.ಎಫ್. ಗ್ಯಾಸ್ಕೆಟ್, ಅಂದರೆ ಒತ್ತಿದ ಕಲ್ನಾರಿನ ಬಿಲ್ಲೆ ಕೂಡ ಪಟ್ಟಿಗೆ ಸೇರಬೇಕು. ಹಳೇ ಮೇನ್ ಸ್ವಿಚ್ಚಿನ ಹಿಂದಿನ ಬೂದು ರಟ್ಟು, ಪಿಂಗಾಣಿ ಫ್ಯೂಜಿನೊಳಗಿನ ಬಿಳಿ ನೇಯ್ದ ಪಟ್ಟಿ ನೋಡುವ ಮೊದಲು ಕರೆಂಟು ಪೂರ್ತಿ ಬಂದ್ ಮಾಡಿಸಿ, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ.

ನೆಲ ಶಹಾಬಾದ ಕಲ್ಲಿನ ಫರಸಿಯಿದ್ದರೆ ಚಿಂತೆಯಿಲ್ಲ. ಹಳೇ ಆಫೀಸುಗಳಲ್ಲಿ 9 ಇಂಚಿನ ಚೌಕ ವಿನೈಲ್ ಟೈಲ್, ಅದರಡಿ ಕಪ್ಪು ಡಾಂಬರಿನ ಅಂಟು ಕಂಡರೆ ಎರಡನ್ನೂ ಬೇರೆಬೇರೆ ಮಾದರಿಯಾಗಿ ಪ್ರಯೋಗಾಲಯಕ್ಕೆ ಕಳಿಸಿ.

ಇನ್ನು ಪತ್ರಾಸು. ಬ್ರಿಟನ್ ಬಿಳಿ ಕಲ್ನಾರನ್ನು 1999ರಲ್ಲಿ ನಿಷೇಧಿಸಿತು, ಹಾಗಾಗಿ ಅಲ್ಲಿ ಕಟ್ಟಡದ ವಯಸ್ಸೇ ಅರ್ಧ ಉತ್ತರ ಹೇಳುತ್ತದೆ. ನಮ್ಮಲ್ಲಿ ಸಿಮೆಂಟ್ ಪತ್ರಾಸಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಇತ್ತೀಚಿನ ಶೆಡ್ಡನ್ನೂ ಬಿಡುವಂತಿಲ್ಲ. ಐ.ಎಸ್. 459 (ಕಲ್ನಾರು ಸಿಮೆಂಟ್ ಪತ್ರಾಸಿನ ಭಾರತೀಯ ಮಾನಕ) ಎಂಬ ಮುದ್ರೆ ಕಂಡರೆ ಅದು ಕಲ್ನಾರಿನದೇ. ಅಲೆಯ ಅಳತೆ ನಂಬಬೇಡಿ, 146 ಮಿ.ಮೀ. ಅಂತರದ ಅಲೆಯಲ್ಲಿ ಕಲ್ನಾರಿಲ್ಲದ ಪತ್ರಾಸೂ ಬರುತ್ತದೆ. ಬೆಳಗಾವಿ, ಖಾನಾಪುರದ ಕಡೆಯ ಮಳೆಗೆ ಮೇಲ್ಪದರದ ಸಿಮೆಂಟ್ ಸವೆದು ನಾರು ಎದ್ದಿರುತ್ತದೆ, ಉದುರಿದ್ದು ಗಟರಿನ ತಳದ ಕೆಸರಿಗೆ ಸೇರುತ್ತದೆ. ಬೇಸಿಗೆಯಲ್ಲಿ ಆ ಕೆಸರನ್ನು ಒಣ ಕಸಬರಿಗೆಯಿಂದ ಗುಡಿಸುವುದು ತೀರಾ ಕೆಟ್ಟ ಪದ್ಧತಿ. ಪತ್ರಾಸಿನ ಮೇಲೆ ಕಾಲಿಡಲೇಬೇಡಿ. ಹಳೇ ಪತ್ರಾಸು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ, ಏಣಿಯಿಂದಲೇ ನೋಡಿ.

ಕಣ್ಣಿಗೆ ಕಂಡದ್ದು ಅನುಮಾನ ಮಾತ್ರ. ಖಚಿತವಾಗುವುದು ಪ್ರಯೋಗಾಲಯದ ಪೋಲರೈಸ್ಡ್ ಬೆಳಕಿನ ಸೂಕ್ಷ್ಮದರ್ಶಕದಲ್ಲಿ. ಮಾದರಿ ತೆಗೆಯುವಾಗ ಫ್ಯಾನು ಬಂದ್, ಕೆಲಸಗಾರರು ಹೊರಗೆ. ಮುಖಕ್ಕೆ ಸೂಕ್ಷ್ಮ ಧೂಳು ತಡೆಯುವ ಪಿ100 ಅಥವಾ ಎಫ್.ಎಫ್.ಪಿ.3 ದರ್ಜೆಯ ಮಾಸ್ಕ್, ಬಟ್ಟೆ ಮಾಸ್ಕ್ ಉಪಯೋಗಕ್ಕೆ ಬಾರದು. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ ಬೆರೆಸಿ ಸಿಂಪಡಿಸಿ, ಅದು ಇಂಗುವವರೆಗೆ ಕಾಯಿರಿ. ಬರೀ ನೀರು ಒಳಗಿಳಿಯದೆ ಜಾರಿ ಹೋಗುತ್ತದೆ. ಪತ್ರಾಸಾದರೆ ಮೊದಲೇ ಒಡೆದ ಅಂಚಿನಿಂದ ಇಕ್ಕಳದಲ್ಲಿ ಹೆಬ್ಬೆರಳ ಉಗುರಿನಷ್ಟು ಚೂರು ಸಾಕು. ಪೈಪಿನ ಹೊದಿಕೆಯಾದರೆ ಕಬ್ಬಿಣ ಮುಟ್ಟುವವರೆಗೆ ಎಲ್ಲ ಪದರ ಬರಬೇಕು. ಮೇಲಿನ ಗಿಲಾವಷ್ಟೇ ಕೆರೆದು ಕಳಿಸಿದಾಗಲೇ "ಇಲ್ಲ" ಎಂಬ ಸುಳ್ಳು ವರದಿ ಬರುವುದು. ಕೈಯಿಂದ ಕಲಸಿದ ಮಾಲಿನಲ್ಲಿ ನಾರು ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಒಂದೇ ತರಹದ ಹೊದಿಕೆಗೆ ಕನಿಷ್ಠ 3 ಜಾಗದಿಂದ ತೆಗೆಯುತ್ತೇನೆ. ಪ್ರತಿ ಮಾದರಿಯ ನಡುವೆ ಇಕ್ಕಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಾದರಿಯನ್ನು ಒಂದರೊಳಗೊಂದು ಎರಡು ಜಿಪ್ ಚೀಲದಲ್ಲಿ ಹಾಕಿ, ತೆಗೆದ ಜಾಗಕ್ಕೆ ಪೇಂಟ್ ಬಳಿದು ಅಥವಾ ಟೇಪು ಅಂಟಿಸಿ ಮುಚ್ಚುತ್ತೇನೆ. ವಿನೈಲ್ ಟೈಲಿನ ನಾರು ಬಲು ಸಣ್ಣದು, ಪೋಲರೈಸ್ಡ್ ಸೂಕ್ಷ್ಮದರ್ಶಕಕ್ಕೆ ಎಷ್ಟೋ ಸಲ ಸಿಗುವುದಿಲ್ಲ. "ಇಲ್ಲ" ಎಂದು ಬಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆ ಕೇಳಿ.

ಸಿಕ್ಕ ಪ್ರತಿ ಜಾಗವನ್ನೂ ಕಟ್ಟಡದ ನಕ್ಷೆಯ ಮೇಲೆ ಗುರುತಿಸಿ, ಫೋಟೋ ಸಮೇತ ಮಾಲೀಕರ ಕೈಗೆ ಕೊಡಿ. ಸೋಲಾರ್ ಪ್ಯಾನೆಲ್ ಕೂರಿಸುವವರು ಡ್ರಿಲ್ ಹಿಡಿದು ಬರುವ ಮೊದಲು ಆ ನಕ್ಷೆ ಅವರಿಗೆ ಸಿಗಬೇಕು. ಒಡೆದ ಚೂರುಗಳನ್ನು ಒದ್ದೆ ಮಾಡಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿಸಿ, ದಾರಿಯ ಗುಂಡಿ ತುಂಬಲು ಕೊಡಬೇಡಿ.