ಹಣೆಯ ಬೊಟ್ಟು ಮೊಟ್ಟೆಯಾಗಬಾರದು: ವಿಡಿಯೊಗೆ ಫೋಟೊ ಅಳತೆ ಹೊಂದಿಸುವ ಬಗೆ

ಅಪ್ಪನ ಅರವತ್ತರ ಶಾಂತಿಗೆಂದು ಹತ್ತು ನಿಮಿಷದ ವಿಡಿಯೊ ಮಾಡಿದ್ದೆ. ಅಕ್ಕನ ಮದುವೆಯ ಮಿನಿ ಡಿವಿ (ಹಳೇ ವಿಡಿಯೊ ಕ್ಯಾಮೆರಾದ ಪುಟ್ಟ ಕ್ಯಾಸೆಟ್) ಟೇಪಿನ ತುಣುಕು, ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿದ ಫೋಟೊ, ಮೊಬೈಲಿನಲ್ಲಿ ತೆಗೆದದ್ದು, ಎಲ್ಲ ಸೇರಿಸಿದ್ದೆ. ಪರದೆ ಮೇಲೆ ಓಡಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು: ‘ನನ್ನ ಮುಖ ಯಾಕೋ ಹಿಂಗೆ ಊದಿಕೊಂಡಿದೆ?’ ನೋಡಿದರೆ ಹೌದು. ದುಂಡನೆಯ ಕುಂಕುಮ ಕೂಡ ಅಡ್ಡ ಮಲಗಿಸಿದ ಮೊಟ್ಟೆಯ ಹಾಗಾಗಿತ್ತು. ತಪ್ಪು ನನ್ನದೇ. ಟೇಪಿನ ಅಳತೆ 720×576 ಅಂತ ಫೋಟೊಗಳನ್ನೂ ಸರಿಯಾಗಿ 720×576ಕ್ಕೇ ಕತ್ತರಿಸಿದ್ದೆ. ಆ ಸಂಖ್ಯೆ ಕಂಡದ್ದೇ ಸಾಫ್ಟ್‌ವೇರ್ ಫೋಟೊವನ್ನೂ ಟೇಪ್ ಅಂತ ತಿಳಿದು ಅಗಲಕ್ಕೆ ಎಳೆದಿತ್ತು.

ಆದ್ದರಿಂದ ಫೋಟೊ ಮುಟ್ಟುವ ಮೊದಲು ಪ್ರಾಜೆಕ್ಟನ್ನು ನೋಡಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸೀಕ್ವೆನ್ಸ್ ಸೆಟ್ಟಿಂಗ್ಸ್ ತೆರೆದು ಎರಡು ಸಂಗತಿ ಬರೆದಿಟ್ಟುಕೊಳ್ಳಿ: ಫ್ರೇಮಿನ ಅಳತೆ ಮತ್ತು ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊ, ಅಂದರೆ ಪಿಕ್ಸೆಲ್ಲಿನ ಆಕಾರ. ಫುಲ್ ಎಚ್‌ಡಿ ಆದರೆ 1920×1080. ಮನೆಯ 4ಕೆ ಟಿವಿಗೆ 3840×2160. ರೀಲ್ಸ್‌ಗೆ ನಿಲುವು, 1080×1920. ಈ ಮೂರರಲ್ಲೂ ಪಿಕ್ಸೆಲ್ ಚೌಕ, ಅಂದರೆ ಅಗಲವನ್ನು ಎತ್ತರದಿಂದ ಭಾಗಿಸಿದರೆ 1.0. ಕ್ಯಾಮೆರಾ, ಮೊಬೈಲ್, ಸ್ಕ್ಯಾನರ್ ಕೊಡುವ ಫೋಟೊದ ಪಿಕ್ಸೆಲ್ಲೂ ಚೌಕವೇ. ಇಲ್ಲಿ ಆಕಾರದ ತಕರಾರಿಲ್ಲ, ಅಳತೆಯದ್ದು ಮಾತ್ರ.

ಆ ಅಳತೆಯ ಲೆಕ್ಕ ಹೀಗೆ. ದೊಡ್ಡ ಕ್ಯಾಮೆರಾದ ಫೋಟೊ 6000×4000 ಇದೆ ಅಂದುಕೊಳ್ಳಿ. ಅಗಲವನ್ನು 1920ಕ್ಕೆ ಇಳಿಸಿದರೆ ಎತ್ತರ 1280 ಆಗುತ್ತದೆ. ಫ್ರೇಮಿನ ಎತ್ತರ 1080 ಅಷ್ಟೇ, ಹಾಗಾಗಿ ಮೇಲೆ 100, ಕೆಳಗೆ 100 ಪಿಕ್ಸೆಲ್ ಹೋಗುತ್ತದೆ. ಮೊಬೈಲಿನ 4000×3000 ಫೋಟೊದಲ್ಲಿ ಹೋಗುವುದು ಇನ್ನೂ ಜಾಸ್ತಿ, ಮೇಲೆ ಕೆಳಗೆ 180ರಂತೆ. ಗುಂಪು ಫೋಟೊದಲ್ಲಿ ಹಿಂದಿನ ಸಾಲಿನವರ ತಲೆ ಹಾರುವುದು ಇಲ್ಲೇ! ತಲೆ ಉಳಿಯಬೇಕಾದರೆ ಕ್ರಾಪ್ ಟೂಲಿನಲ್ಲಿ 16:9 ಕೊಟ್ಟು ಎಲ್ಲಿ ಕತ್ತರಿಸಬೇಕು ಅಂತ ನೀವೇ ನಿರ್ಧರಿಸಿ. ಇಲ್ಲವೇ ಪೂರ್ತಿ ಫೋಟೊ ಇಟ್ಟು ಪಕ್ಕದಲ್ಲಿ ಕಪ್ಪು ಪಟ್ಟಿ ಬಿಡಿ. ಎಡಕ್ಕೂ ಬಲಕ್ಕೂ ಎಳೆದು ತುಂಬಿಸುವ ಕೆಲಸ ಮಾತ್ರ ಬೇಡ. ಅದೇ ಫೋಟೊವನ್ನು ಮಸುಕು ಮಾಡಿ ಹಿಂದೆ ಹಾಕುವುದು ಈಗ ಎಲ್ಲೆಲ್ಲೂ ಇದೆ. ನನಗೇನೋ ಕಪ್ಪೇ ಚೆನ್ನ.

ಫೋಟೊದ ಮೇಲೆ ನಿಧಾನ ಜೂಮ್ ಹಾಕುವ ಯೋಚನೆಯಿದ್ದರೆ ಸರಿಯಾಗಿ 1920×1080ಕ್ಕೆ ಇಳಿಸಬೇಡಿ, ಜೂಮ್ ಆದಂತೆಲ್ಲ ಚಿತ್ರ ಮಸುಕಾಗುತ್ತದೆ. ಒಂದೂವರೆ ಪಟ್ಟು ಜೂಮ್‌ಗೆ 2880×1620 ಬೇಕು, ಎರಡು ಪಟ್ಟಿಗೆ 3840×2160. ಹಾಗಂತ ನೂರಾರು ಫೋಟೊಗಳನ್ನು 6000ದ ಅಗಲದಲ್ಲೇ ಸುರಿದರೆ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. 300 ಡಿಪಿಐ, 72 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದು ಮುದ್ರಣದವರ ಲೆಕ್ಕ. ಆದರೆ ಪ್ರೆಸ್ಸಿನಿಂದ ಬಂದ ಲಗ್ನಪತ್ರಿಕೆಯ ಫೈಲು ಸಾಮಾನ್ಯವಾಗಿ ಸಿಎಂವೈಕೆ ಬಣ್ಣದಲ್ಲಿ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದಲ್ಲಿರುತ್ತದೆ. ಅದನ್ನು ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕವಾದ ಆರ್‌ಜಿಬಿ ಮಾಡಿಕೊಂಡೇ ಹಾಕಿ.

ಅಡೋಬಿ ಕಂಪನಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಬಳಸುವವರಿಗೆ ಒಂದು ಎಚ್ಚರಿಕೆ. ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಸ್ಕೇಲ್ ಟು ಫ್ರೇಮ್ ಸೈಜ್’, ‘ಸೆಟ್ ಟು ಫ್ರೇಮ್ ಸೈಜ್’ ಅಂತ ಎರಡು ಆಯ್ಕೆ ಸಿಗುತ್ತವೆ. ಹೆಸರು ಆವೃತ್ತಿಗೆ ತಕ್ಕಂತೆ ಚೂರು ಬದಲಾಗಬಹುದು. ಮೊದಲನೆಯದು ದೊಡ್ಡ ಫೋಟೊವನ್ನು ಫ್ರೇಮಿನ ಅಳತೆಗೆ ಕುಗ್ಗಿಸಿಬಿಡುತ್ತದೆ. ಆಮೇಲೆ ಜೂಮ್ ಮಾಡಿದರೆ ಮಸುಕು. ಎರಡನೆಯದು ಸ್ಕೇಲ್ ಸಂಖ್ಯೆಯನ್ನಷ್ಟೇ ಇಳಿಸುತ್ತದೆ, ಮೂಲದ ಪಿಕ್ಸೆಲ್‌ಗಳು ಹಾಗೇ ಉಳಿಯುತ್ತವೆ. ಜೂಮ್‌ಗೆ ಇದೇ ಸರಿ.

ಇನ್ನು ಹಳೇ ಟೇಪಿನ ಕಥೆ. ಟಿವಿ ಚಿತ್ರವನ್ನು ಡಿಜಿಟಲ್ ಮಾಡುವ ನಿಯಮ 1982ರಲ್ಲಿ ಬಂದಾಗ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಗೂ ನಮ್ಮ ಪಾಲ್ ಪದ್ಧತಿಗೂ ಸಾಲಿಗೆ 720 ಪಿಕ್ಸೆಲ್ ಅಂತಲೇ ಗೊತ್ತು ಮಾಡಿದರು. ಸಾಲುಗಳ ಲೆಕ್ಕ ಮಾತ್ರ ಬೇರೆ. ಪರದೆ ಎರಡೂ ಕಡೆ 4:3. ಒಂದೇ ಅಗಲವನ್ನು ಎರಡಕ್ಕೂ ಹೊಂದಿಸಬೇಕಾದ್ದರಿಂದ ಅಲ್ಲಿನ ಪಿಕ್ಸೆಲ್ ಸಣಕಲಾಯಿತು, ಇಲ್ಲಿನದು ಅಗಲವಾಯಿತು. ಅಡೋಬಿಯ ಸಾಫ್ಟ್‌ವೇರ್‌ಗಳು ಪಾಲ್ ಪಿಕ್ಸೆಲ್ಲನ್ನು ಮೊದಲು 1.067 ಅಂತ ಎಣಿಸುತ್ತಿದ್ದವು. 2008ರ ಸಿಎಸ್4 ಆವೃತ್ತಿಯಿಂದ ಅದು 1.094 ಆಯಿತು. 720ರಲ್ಲಿ ಸುಮಾರು 702 ಪಿಕ್ಸೆಲ್ ಮಾತ್ರ ನಿಜವಾದ ಚಿತ್ರ, ಉಳಿದದ್ದು ಅಂಚು. 702ನ್ನು 1.094ರಿಂದ ಗುಣಿಸಿ ನೋಡಿ, 768 ಬರುತ್ತದೆ. 768×576 ಅಂದರೆ ಸರಿಯಾದ 4:3.

ಹಾಗಾಗಿ ಪಾಲ್ ಪ್ರಾಜೆಕ್ಟಿನಲ್ಲೇ ಕೆಲಸ ಮಾಡುವುದಾದರೆ ಫೋಟೊವನ್ನು 720 ಅಲ್ಲ, 1.067 ಎಣಿಸುವ ಸಾಫ್ಟ್‌ವೇರ್ ಆದರೆ 768×576 ಮಾಡಿ. 1.094 ಎಣಿಸುವ ಸಾಫ್ಟ್‌ವೇರ್ ಆದರೆ ಅಂಚೂ ಸೇರಿದ ಪೂರ್ತಿ 720ನ್ನು ಗುಣಿಸಬೇಕು, 788×576. ಇದಕ್ಕಿಂತ ಸುಲಭದ ದಾರಿ, ಪ್ರಾಜೆಕ್ಟನ್ನೇ 1920×1080 ಮಾಡಿ ಟೇಪನ್ನು ಅದರೊಳಗೆ ತರುವುದು. ಆಗ ಟೇಪಿನ ಚಿತ್ರ ಸುಮಾರು 1440ರಷ್ಟು ಅಗಲಕ್ಕೆ ನಿಲ್ಲುತ್ತದೆ, ಪಕ್ಕಕ್ಕೆ 240ರಂತೆ ಕಪ್ಪು. ಮುಖಗಳು ಸಣಕಲಾಗಿ ಕಂಡರೆ ಟೇಪಿನ ಪಿಕ್ಸೆಲ್ಲನ್ನು ಚೌಕ ಅಂತ ಎಣಿಸಿದೆ ಎಂದರ್ಥ. ಪ್ರೀಮಿಯರ್‌ನಲ್ಲಿ ‘ಇಂಟರ್‌ಪ್ರೆಟ್ ಫೂಟೇಜ್’, ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ‘ಕ್ಲಿಪ್ ಆಟ್ರಿಬ್ಯೂಟ್ಸ್’ ತೆರೆದು ಟೇಪಿಗೆ ತಕ್ಕ ಪಿಕ್ಸೆಲ್ ಆಕಾರ ಆರಿಸಿ. ಫೋಟೊ ಊದಿಕೊಂಡಿದ್ದರೆ ಅದೇ ಜಾಗದಲ್ಲಿ ಚೌಕ ಅಂತ ಆರಿಸಿದರಾಯಿತು.

ಇಷ್ಟೆಲ್ಲ ಆದ ಮೇಲೂ ಕಣ್ಣನ್ನು ನಂಬಬೇಡಿ, ಎಷ್ಟೋ ಹೊತ್ತು ನೋಡಿದರೆ ಊದಿದ ಮುಖವೂ ಸರಿ ಅನ್ನಿಸಿಬಿಡುತ್ತದೆ. ಫೋಟೊದಲ್ಲಿ ದುಂಡಗಿರುವ ಏನನ್ನಾದರೂ ಹುಡುಕಿ. ಗೋಡೆ ಗಡಿಯಾರವೋ, ಆರತಿ ತಟ್ಟೆಯೋ, ಬೊಟ್ಟೋ ಸಾಕು, ಆದರೆ ಎದುರಿನಿಂದ ತೆಗೆದದ್ದಾಗಿರಬೇಕು. ಪರದೆಯ ಮೇಲೆ ಸ್ಕೇಲು ಹಿಡಿದು ಅಗಲ, ಎತ್ತರ ಅಳೆಯಿರಿ. ನಾನು ಎರಡನೇ ಸಲ ಅಳೆದದ್ದು ಅಮ್ಮನ ಕುಂಕುಮವನ್ನೇ. ಹದಿನಾಲ್ಕು ಮಿಲಿಮೀಟರ್ ಅಗಲ, ಹದಿನಾಲ್ಕು ಎತ್ತರ.